‘ಅಲ್ಲಿ ನಮ್ಮವರು ಅಂತ ಯಾರಿದ್ದಾರೆ?’

ಮಕ್ಕಳನ್ನು ಕಡಲಾಚೆಗೆ ಕಳಿಸಿ ಊರಲ್ಲಿ ಉಳಿದಿರುವ ಎಲ್ಲ ಅಪ್ಪ-ಅಮ್ಮಂದಿರಿಗೆ, ಅತ್ತೆ-ಮಾವಂದಿರಿಗೆ,

ಮಾರಿಷಸ್‌ನ ವಾಕ್ವಾ ಎಂಬ ಊರಿನಿಂದ ಈ ಪತ್ರ.

ಊಟ ಆಯಿತಾ, ಅಲ್ಲಿ ಮಳೆಯಾ ಬಿಸಿಲಾ, ಮೊಣಕಾಲಿನ ಎಣ್ಣೆ ಮುಗಿಯಿತಾ ಎಂಬ ಮಾತೆಲ್ಲ ಆದಮೇಲೆ, ಹಬ್ಬ ಹತ್ತಿರವಿದ್ದರೆ, ನೀವು ಫೋನಿನಲ್ಲಿ ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: “ಅಲ್ಲಿ ನಮ್ಮವರು ಅಂತ ಯಾರಿದ್ದಾರೆ?” ಪುತ್ತೂರಿನಿಂದ ನನ್ನ ಅಮ್ಮ ಕೇಳುತ್ತಾರೆ, ಹಾಸನದಿಂದ ಅತ್ತೆ ಕೇಳುತ್ತಾರೆ. ಮಸ್ಕತ್ತಿನಲ್ಲೂ ಸಿಂಗಪುರದಲ್ಲೂ ಇರುವ ನನ್ನ ಗೆಳತಿಯರಿಗೆ ಅವರವರ ಮನೆಯಿಂದ ಇದೇ ಪ್ರಶ್ನೆ. ಅದರೊಳಗೆ ಎಷ್ಟು ಅಕ್ಕರೆಯಿದೆ ಎಂಬುದು ನಮಗೆ ಗೊತ್ತು. ಹಬ್ಬದ ದಿನ ಎಲೆಯ ಮುಂದೆ ಕೂತಾಗ ನಿಮ್ಮ ಕೈ ಒಂದು ಗಳಿಗೆ ತಡೆಯುವುದೂ ಗೊತ್ತು. ಆದರೆ ಆ ಪ್ರಶ್ನೆಗೆ ಒಂದು ಮಾತಿನ ಉತ್ತರ ನಮ್ಮಲ್ಲಿಲ್ಲ. ನಾನೂ ನನ್ನ ಗಂಡನೂ ಈ ದ್ವೀಪದಲ್ಲಿ ಕಳೆದ ಒಂದು ವರ್ಷವನ್ನೇ ನಿಮ್ಮ ಮುಂದೆ ಇಡುತ್ತೇನೆ. ಓದಿದ ಮೇಲೆ ಹೇಳಿ.

ಮೊದಲು ಈ ನೆಲದ ಬಗ್ಗೆ ಒಂದು ಸಂಗತಿ. ಮಡಗಾಸ್ಕರಿನ ಪೂರ್ವಕ್ಕೆ, ಹಿಂದೂ ಮಹಾಸಾಗರದಲ್ಲಿ, ಈ ತುದಿಯಿಂದ ಆ ತುದಿಗೆ ಸುಮಾರು 65 ಕಿಲೋಮೀಟರ್ ಉದ್ದದ ದ್ವೀಪ ಇದು. 17ನೇ ಶತಮಾನದಲ್ಲಿ ಡಚ್ಚರು ಬಂದು ನೆಲೆಯೂರುವವರೆಗೆ ಇಲ್ಲಿ ಮನುಷ್ಯರ ವಾಸವಿರಲಿಲ್ಲ. ಆಮೇಲೆ ಫ್ರೆಂಚರು ಬಂದರು. ಆಫ್ರಿಕಾದಿಂದಲೂ ಮಡಗಾಸ್ಕರಿನಿಂದಲೂ ಜನರನ್ನು ಗುಲಾಮರಾಗಿ ಎಳೆದು ತಂದರು. ಬ್ರಿಟಿಷರ ಕಾಲದಲ್ಲಿ ಬಿಹಾರ, ಮದ್ರಾಸು, ಮುಂಬಯಿ ಕಡೆಯಿಂದ ಕಬ್ಬಿನ ಕೂಲಿಗಳು ಬಂದರು. ಚೀನಾದಿಂದ ಅಂಗಡಿಯವರು ಬಂದರು. ಅಂದರೆ ಇಲ್ಲಿ ಯಾರ ಮನೆಗೆ ಹೋದರೂ ಅವರ ಹಿರಿಯರು ಯಾವುದೋ ಹಡಗಿನಿಂದ ಇಳಿದವರೇ. ‘ನಮ್ಮವರು ಯಾರಿದ್ದಾರೆ’ ಎಂಬ ಪ್ರಶ್ನೆಯನ್ನು ಈ ಮಣ್ಣಿನಲ್ಲಿ ಎಲ್ಲರ ಮುತ್ತಜ್ಜಿಯರೂ ಒಮ್ಮೆ ಕೇಳಿಕೊಂಡಿದ್ದಾರೆ. ಆ ಪ್ರಶ್ನೆಯನ್ನು ಅವರು ಬಗೆಹರಿಸಿಕೊಂಡ ರೀತಿಯೇ ಇವತ್ತು ನಮಗೂ ಆಸರೆ.

ನಾವಿರುವುದು ದಾದಿಯ ಮನೆಯ ಮಹಡಿಯಲ್ಲಿ. ದಾದಿ ಎಂದರೆ ಓಣಿಯ ಮಕ್ಕಳೆಲ್ಲ ಕರೆಯುವ ಹೆಸರು, ನಾವೂ ಹಾಗೇ ಕರೆಯುತ್ತೇವೆ. ಎಪ್ಪತ್ತು ದಾಟಿದ ಭೋಜಪುರಿ ಅಜ್ಜಿ. ಎದುರುಮನೆಯಲ್ಲಿ ಕ್ರಿಯೋಲ್ ಕ್ಯಾಥೊಲಿಕ್ ದಂಪತಿ. ಗಂಡ ತೊಂತೊಂ, ಹೆಂಡತಿ ತಾಂತಿನ್, ಎಂದರೆ ಮಾವ ಮತ್ತು ಅತ್ತೆ. ಬಲಕ್ಕೆ ಒಂದು ಮುಸ್ಲಿಂ ಕುಟುಂಬ. ಮೂಲೆಯಲ್ಲಿ ಚೀನೀ ಮುದುಕರೊಬ್ಬರ ಅಂಗಡಿ, ಅಲ್ಲಿ ಇವತ್ತಿಗೂ ಸಣ್ಣ ಪುಸ್ತಕದಲ್ಲಿ ಸಾಲ ಬರೆದಿಡುತ್ತಾರೆ.

ಇಲ್ಲಿ ವರ್ಷ ಪಟಾಕಿಯ ಸದ್ದಿನೊಂದಿಗೆ ಹುಟ್ಟುತ್ತದೆ. ಜನವರಿ 1 ಮತ್ತು 2 ಎರಡೂ ದಿನ ರಜೆ, ಬಂಧುಗಳ ಮನೆಗೆ ಹೋಗಿಬರುವುದಕ್ಕಾಗಿ. ಅದರ ಬೆನ್ನಿಗೇ ಗಾಳಿಯ ಭಯ. ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. 2024ರ ಜನವರಿಯಲ್ಲಿ ಬೆಲಾಲ್ ಬಂದಾಗ ರಾಜಧಾನಿ ಪೋರ್ಟ್ ಲೂಯಿಯ ಬೀದಿಗಳಲ್ಲಿ ಕಾರುಗಳು ತೇಲಿದ್ದನ್ನು ನೀವೂ ಟೀವಿಯಲ್ಲಿ ನೋಡಿ ಗಾಬರಿಯಾಗಿದ್ದಿರಿ. ಎಚ್ಚರಿಕೆಗೆ 4 ಹಂತಗಳಿವೆ. ಗಂಟೆಗೆ 120 ಕಿಲೋಮೀಟರ್ ವೇಗದ ಗಾಳಿ ಬೀಸತೊಡಗಿದರೆ 4ನೆಯ ಹಂತ, ಹೊಸ್ತಿಲು ದಾಟುವ ಹಾಗಿಲ್ಲ. ಈ ಸಲ 3ನೆಯ ಹಂತ ಘೋಷಿಸಿದ ಸಂಜೆ ದಾದಿ ಮೆಟ್ಟಿಲ ಕೆಳಗೆ ನಿಂತು ಕೂಗಿ ಕರೆದರು. ಮೇಲಿನ ಮನೆ ಗಾಳಿಗೆ ಹೆಚ್ಚು ಒಡ್ಡಿಕೊಂಡಿರುತ್ತದೆ, ಕೆಳಗೆ ಬನ್ನಿ ಎಂದು. ಕರೆಂಟು ಹೋಯಿತು. ಮೇಣದ ಬತ್ತಿಯ ಬೆಳಕಿನಲ್ಲಿ ದಾದಿ ಫರಾಟಾ ಸುಟ್ಟರು, ನಾನು ನಿಂಬೆಕಾಯಿ ಉಪ್ಪಿನಕಾಯಿಯ ಜಾಡಿ ಇಳಿಸಿ ತಂದೆ. 1960ರ ಕ್ಯಾರಲ್ ಚಂಡಮಾರುತದ ರಾತ್ರಿ ಅವರ ತಗಡಿನ ಮಾಡು ಹಾರಿಹೋದ ಕಥೆಯನ್ನು ಆಗಲೇ ಕೇಳಿದ್ದು. ಆಗ ಅವರು ಸಣ್ಣ ಹುಡುಗಿ. ಕ್ಯಾರಲ್ ಬಂದುಹೋದ ಮೇಲೆಯೇ ದ್ವೀಪದಲ್ಲೆಲ್ಲ ಕಾಂಕ್ರೀಟು ಮನೆ ಕಟ್ಟುವುದು ಹೆಚ್ಚಾಯಿತಂತೆ. ಹೊರಗೆ ಗಾಳಿ ಕೂಗುತ್ತಿದ್ದಾಗ ನೀವು ಫೋನು ಹಚ್ಚುತ್ತಲೇ ಇದ್ದಿರಿ, ಸಿಗಲಿಲ್ಲ. ನಾವಿಬ್ಬರೇ ಇರಲಿಲ್ಲ ಎಂದು ಈಗ ಹೇಳುತ್ತಿದ್ದೇನೆ.

ಹಬ್ಬದ ವಿಷಯಕ್ಕೆ ಬರುತ್ತೇನೆ. ಕಾವಡಿ ಹೊತ್ತ ತಮಿಳರ ಮನೆಯಿಂದ ಬಾಳೆಲೆಯಲ್ಲಿ ಏಳು ಬಗೆಯ ಪಲ್ಯ-ಸಾರುಗಳ ಊಟ. ಚೀನೀ ಹೊಸವರ್ಷಕ್ಕೆ ಮೂಲೆ ಅಂಗಡಿಯ ಅಜ್ಜ ಕಾಗದದಲ್ಲಿ ಸುತ್ತಿ ಕೊಡುವ ಅಂಟಂಟಾದ ಸಿಹಿ. ಈದ್‌ಗೆ ಬಲಮನೆಯಿಂದ, ನಮಗಾಗಿಯೇ ಬೇರೆ ಪಾತ್ರೆಯಲ್ಲಿ ಮಾಡಿದ ತರಕಾರಿ ಬಿರಿಯಾನಿ. ದೀಪಾವಳಿಗೆ ಓಣಿಯಲ್ಲಿ ತಟ್ಟೆಗಳು ಓಡಾಡುತ್ತಲೇ ಇರುತ್ತವೆ: ಸಿಹಿಗೆಣಸಿನ ಹಿಟ್ಟಿನೊಳಗೆ ಕಾಯಿ, ಸಕ್ಕರೆ, ಏಲಕ್ಕಿ ತುಂಬಿ ಕರಿದ ಗಾತೋ ಪತಾತ್ ಒಂದು ಕಡೆಯಿಂದ, ನನ್ನ ಕಾಯಿ ಹೋಳಿಗೆ ಇನ್ನೊಂದು ಕಡೆಯಿಂದ. ಖಾಲಿ ಪಾತ್ರೆ ಹಿಂದಿರುಗಿಸಬಾರದು ಎಂದು ನೀವು ನನಗೆ ಕಲಿಸಿದ್ದಿರಲ್ಲ, ಈ ಓಣಿಯಲ್ಲಿ ಅದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಶಿವರಾತ್ರಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ದ್ವೀಪದ ನಡುವೆ, ಹಳೆಯ ಜ್ವಾಲಾಮುಖಿಯ ಬಾಯಿಯಲ್ಲಿ ಒಂದು ಕೆರೆಯಿದೆ. 1972ರಲ್ಲಿ ಗಂಗೆಯ ನೀರು ತಂದು ಅದಕ್ಕೆ ಬೆರೆಸಿದರು, ಈಗ ಅದರ ಹೆಸರೇ ಗಂಗಾ ತಲಾವ್. ಶಿವರಾತ್ರಿಗೆ ದಿನಗಳ ಮುಂಚಿನಿಂದ ಮೂಲೆಮೂಲೆಯ ಹಳ್ಳಿಗಳವರು ಬಿಳಿ ಬಟ್ಟೆ ತೊಟ್ಟು, ಕಾಗದದ ಹೂವಿನಿಂದ ಸಿಂಗರಿಸಿದ ಕಾಂವರ್ ಎಂಬ ಚೌಕಟ್ಟು ಹೊತ್ತು ಅಲ್ಲಿಗೆ ನಡೆಯುತ್ತಾರೆ. ಆ ದಾರಿಗಳಲ್ಲೊಂದು ನಮ್ಮ ವಾಕ್ವಾದ ಮೇಲೇ ಹೋಗುತ್ತದೆ. ರಸ್ತೆ ಬದಿಗೆ ಪೆಂಡಾಲು ಹಾಕಿ ಓಣಿಯವರೆಲ್ಲ ಸೇರಿ ನೀರು, ಷರಬತ್ತು, ಹಣ್ಣು ಹಂಚಿದೆವು. ರಾತ್ರಿಯಿಡೀ ಅನಾನಸು ಹೆಚ್ಚಿದವರು ತೊಂತೊಂ. ಅದೇ ವರ್ಷ ಸೆಪ್ಟೆಂಬರ್ 8ರ ರಾತ್ರಿ ದಾದಿ ಸೀರೆಯ ಸೆರಗು ಬಿಗಿದು ತಾಂತಿನ್ ಜೊತೆ ಹೊರಟರು, ಪೋರ್ಟ್ ಲೂಯಿಯ ಸೇಂತ್ ಕ್ರುವಾದಲ್ಲಿರುವ ಪಾದ್ರಿ ಲಾವಾಲರ ಸಮಾಧಿಗೆ. ಗುಲಾಮಗಿರಿಯಿಂದ ಬಿಡುಗಡೆಯಾದವರ ನಡುವೆ ಬದುಕು ಸವೆಸಿ 1864ರಲ್ಲಿ ತೀರಿಕೊಂಡ ಪಾದ್ರಿ ಅವರು. ಅವರ ಪುಣ್ಯತಿಥಿಗೆ ಎಲ್ಲ ಧರ್ಮದವರೂ ನಡೆದು ಹೋಗುತ್ತಾರೆ.

ಇಷ್ಟು ಬರೆದು ಇಲ್ಲಿ ಎಲ್ಲವೂ ಸುಖ ಎಂದು ನಂಬಿಸಿದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. ಓಟು ಬಂದಾಗ ಜಾತಿ-ಕೋಮಿನ ಲೆಕ್ಕ ಇಲ್ಲೂ ಏಳುತ್ತದೆ. 1999ರ ಫೆಬ್ರುವರಿಯಲ್ಲಿ ಕಾಯಾ ಎಂಬ ಜನಪ್ರಿಯ ಗಾಯಕ ಪೊಲೀಸರ ವಶದಲ್ಲಿ ಸತ್ತಾಗ ದ್ವೀಪ ಹೊತ್ತಿ ಉರಿದಿತ್ತು. ತೊಂತೊಂ ಆ ದಿನಗಳ ಬಗ್ಗೆ ಮಾತಾಡುವಾಗ ದಾದಿ ಎದ್ದು ಒಳಗೆ ಹೋಗುತ್ತಾರೆ. ಆದ್ದರಿಂದಲೇ ಈ ತಟ್ಟೆಗಳ ಓಡಾಟವನ್ನು ನಾನು ಹಗುರವಾಗಿ ಕಾಣಲಾರೆ. ಒಮ್ಮೆ ಕೆಟ್ಟರೆ ಏನಾಗುತ್ತದೆ ಎಂದು ಕಂಡವರು ಪ್ರತಿ ಹಬ್ಬಕ್ಕೂ ಮತ್ತೆ ಮತ್ತೆ ಮಾಡುವ ಕೆಲಸ ಅದು.

ಯುಗಾದಿ ಹೇಗೆ ಮಾಡಿದಿರಿ ಎಂದು ಅತ್ತೆ ಕೇಳಿದ್ದರು. ಯುಗಾದಿಗೆ ಇಲ್ಲಿ ಸರ್ಕಾರಿ ರಜೆಯಿದೆ, ತೆಲುಗರ ಹಬ್ಬವೆಂದು. ನನ್ನ ಗಂಡನಿಗೆ ಆ ದಿನ ಚಾಂದ್ರಮಾನದ ಬೇವು-ಬೆಲ್ಲ. ಪುತ್ತೂರಿನ ಕಡೆಯವಳಾದ ನನಗೆ ಏಪ್ರಿಲ್ ನಡುವಿನ ಬಿಸು, ಕಣಿ ಇಡದೆ ನನಗೆ ವರ್ಷ ಹುಟ್ಟುವುದಿಲ್ಲ. ತಮಿಳರ ವರ್ಷ ಹುಟ್ಟುವುದೂ ಆಗಲೇ. ಹೀಗಾಗಿ ಒಂದೇ ಮನೆಯಲ್ಲಿ ಎರಡು ಹೊಸವರ್ಷ, ಎರಡಕ್ಕೂ ಓಣಿಯಲ್ಲಿ ಜೊತೆಗಾರರು. ಭೂಮಧ್ಯರೇಖೆಯ ಕೆಳಗೆ ಕಾಲಗಳು ತಿರುಗುಮುರುಗಾದ್ದರಿಂದ ಯುಗಾದಿಯ ಹೊತ್ತಿಗೆ ಇಲ್ಲಿ ಬೇಸಿಗೆ ಇಳಿಯುತ್ತಿರುತ್ತದೆ. ಮಾವು ಮುಗಿದಿರುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ ಕೆಂಪಗೆ ಅರಳುವ ಗುಲ್‌ಮೊಹರ್ ಇಲ್ಲಿ ಅರಳುವುದು ಡಿಸೆಂಬರಿನಲ್ಲಿ, ಲೀಚಿ ಹಣ್ಣಿನ ಜೊತೆಗೆ.

ನನ್ನ ಗಂಡನ ಹವ್ಯಾಸದ ಬಗ್ಗೆ ಮಾವನವರಿಗೆ ಕುತೂಹಲ. ಓದುವ ಕಾಲದಲ್ಲಿ ಬಿಟ್ಟುಬಿಟ್ಟಿದ್ದ ಪಕ್ಷಿವೀಕ್ಷಣೆ ಇಲ್ಲಿ ಮತ್ತೆ ಹಿಡಿದಿದೆ. ಶನಿವಾರ ಬೆಳಗಾದರೆ ಬ್ಲ್ಯಾಕ್ ರಿವರ್ ಕಣಿವೆಯ ಕಾಡು. ಮಾರಿಷಸ್ ಕೆಸ್ಟ್ರೆಲ್ ಎಂಬ ಪುಟ್ಟ ಬೇಟೆಹಕ್ಕಿ ಅಲ್ಲಿದೆ. 1974ರಲ್ಲಿ ಕಾಡಿನಲ್ಲಿ ಕೇವಲ ನಾಲ್ಕು ಉಳಿದಿದ್ದವು, ಮೊಟ್ಟೆಗಳನ್ನು ಕಾಪಿಟ್ಟು ಮರಿ ಮಾಡಿಸಿ ಮತ್ತೆ ನೂರಾರಕ್ಕೆ ಏರಿಸಿದರು. ಅದು ಬಂಡೆಯಿಂದ ಎಗರಿದ್ದನ್ನು ಮೊದಲ ಸಲ ಕಂಡ ದಿನ ಇವರದು ಮಧ್ಯಾಹ್ನದವರೆಗೂ ಅದೊಂದೇ ಮಾತು. ಆದರೆ ನನ್ನ ಮನಸ್ಸು ನಿಂತದ್ದು ನಮ್ಮ ಅಂಗಳದ ಹಕ್ಕಿಗಳ ಮೇಲೆ. ಗೊರವಂಕವನ್ನು 1762ರಲ್ಲೇ ಮಿಡತೆಯ ಕಾಟ ತಡೆಯಲು ಭಾರತದಿಂದ ತಂದರಂತೆ. ಕೆಂಪು ಕೆನ್ನೆಯ ಪಿಕಳಾರ 1892ರಲ್ಲಿ ಬಂತು. ಅಮ್ಮ, ನಿನ್ನ ಬಚ್ಚಲುಮನೆಯ ಹಿಂದಿನ ಗಿಡದಲ್ಲಿ ಗೂಡು ಕಟ್ಟುತ್ತದಲ್ಲ, ಅದೇ ಹಕ್ಕಿ. ಕಾಡು ಕಾಯುವವರಿಗೆ ಅದರಿಂದ ಸಂಕಟ. ಹೊರಗಿನಿಂದ ಬಂದ ಗಿಡಗಳ ಬೀಜವನ್ನು ಅದು ಕಾಡಿನೊಳಗೆ ಹರಡುತ್ತದೆ, ಇಲ್ಲಿಯದೇ ಆದ ಗಿಡಗಳು ಸೊರಗುತ್ತವೆ. ಬೇರೆ ನೆಲಕ್ಕೆ ಬಂದವರು ಅಲ್ಲಿ ಹೇಗೆ ಬಾಳಬೇಕು ಎಂಬ ಯೋಚನೆ ಅದನ್ನು ಕಂಡಾಗಲೆಲ್ಲ ನನಗೆ ಬರುತ್ತದೆ.

ತೊಂತೊಂ ಇವರಿಗೆ ರಾವಾನ್ ಬಾರಿಸಲು ಕಲಿಸುತ್ತಿದ್ದಾರೆ. ಆಡಿನ ಚರ್ಮ ಬಿಗಿದ ಅಗಲವಾದ ತಮಟೆ ಅದು, ಬಾರಿಸುವ ಮುನ್ನ ಬೆಂಕಿಗೆ ಹಿಡಿದು ಕಾಯಿಸಬೇಕು. ಗುಲಾಮರು ರಾತ್ರಿಯ ಹೊತ್ತು ನೋವು ಮರೆಯಲು ಹಾಡಿ ಕುಣಿದ ಸೇಗಾ ಹುಟ್ಟಿದ್ದು ಈ ವಾದ್ಯದ ಮೇಲೆ. ಭಾನುವಾರ ಕಡಲ ದಂಡೆಯ ಗಾಳಿಮರಗಳ ಕೆಳಗೆ ಇಡೀ ಇಡೀ ಕುಟುಂಬಗಳು ಪಾತ್ರೆ-ಪಡಗ ಹೊತ್ತು ಬಂದು ಉಂಡು, ಸಂಜೆಗೆ ರಾವಾನ್ ತೆಗೆಯುತ್ತವೆ. ನನ್ನ ಹವ್ಯಾಸ ತರಕಾರಿ. ದಾದಿಯ ಹಿತ್ತಲಲ್ಲಿ ಕೆಸುವು, ಬಸಳೆ, ಸೀಮೆಬದನೆ ಹಬ್ಬಿಸಿದ್ದೇನೆ. ಎಳೆ ಹಲಸು, ಜೀಗುಜ್ಜೆ, ಕರಿಬೇವು ಎಲ್ಲ ಸಂತೆಯಲ್ಲೇ ಸಿಗುತ್ತವೆ, ಪಾರ್ಸೆಲ್ ಕಳಿಸುವ ಚಿಂತೆ ಬೇಡ.

ಈಗ ವರ್ಷದ ಮುಖ್ಯ ಸಂಗತಿ. ಹಪ್ಪಳ-ಸಂಡಿಗೆಯ ಕೆಲಸ ಮುಗಿಸಿ, ಊರಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅಪ್ಪ-ಅಮ್ಮ ಬಂದರು. ಇಲ್ಲಿ ಆಗ ಚಳಿ ಶುರು. ಬೆಟ್ಟದ ಕಾಡಿಗೆ ಹೋಗಿ ಓಣಿಯವರ ಜೊತೆ ಕೆಂಪು ಪೇರಳೆ ಕೊಯ್ದು, ಉಪ್ಪು-ಮೆಣಸು ಹಚ್ಚಿ ತಿಂದೆವು. ಅಡಿಕೆ ತೋಟದ ಅಪ್ಪನಿಗೆ ಕಡಲು, ಜಲಪಾತ ಯಾವುದೂ ಅಷ್ಟು ಹಿಡಿಸಲಿಲ್ಲ. ಕಬ್ಬಿನ ಗದ್ದೆಗಳ ನಡುವೆ ಗೋಪುರದಂತೆ ಪೇರಿಸಿಟ್ಟ ಕರಿಕಲ್ಲಿನ ರಾಶಿಗಳ ಮುಂದೆ ಮಾತ್ರ ಬಹಳ ಹೊತ್ತು ನಿಂತರು. ಉಳಲು ನೆಲ ಬಿಡಿಸುವುದಕ್ಕೆಂದು ಕೂಲಿಗಳು ಕೈಯಿಂದ ಆಯ್ದು ಒಟ್ಟಿದ ಕಲ್ಲುಗಳು. “ಇದು ಎಷ್ಟು ಜನರ ಸೊಂಟ ಮಗಾ” ಎಂದರು.

ಅದೇ ಹೊತ್ತಿಗೆ, ಜೂನ್‌ನಲ್ಲಿ, ದಾದಿಯ ಮೊಮ್ಮಗನ ಮದುವೆ. ಮದುವೆಗೆ ಮುನ್ನ ಗೀತ್ ಗವಾಯಿ ಎಂಬ ಹೆಂಗಸರ ಹಾಡಿನ ಶಾಸ್ತ್ರ ನಡೆಯುತ್ತದೆ, 2016ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಐವರು ಮುತ್ತೈದೆಯರು ಬಟ್ಟೆಯೊಂದರಲ್ಲಿ ಅರಿಸಿನ, ಅಕ್ಕಿ, ಗರಿಕೆ, ನಾಣ್ಯಗಳನ್ನು ಹಸನು ಮಾಡುವುದರಿಂದ ಅದು ಶುರು. ಮನೆಯವರ ಜೊತೆ ನೆರೆಯವರೂ ಕೂರುತ್ತಾರೆ. ನಾಲ್ವರು ಕೂತರು. ಐದನೆಯವರ ಜಾಗಕ್ಕೆ ದಾದಿ ನಮ್ಮ ಅಮ್ಮನ ಕೈ ಹಿಡಿದು ಕರೆದೊಯ್ದರು. ಅಮ್ಮ ನನ್ನ ಮುಖ ನೋಡಿದರು. ಅರಿಸಿನ, ಅಕ್ಕಿ, ಗರಿಕೆ, ಇದರಲ್ಲಿ ಅವರಿಗೆ ಹೊಸತೇನಿತ್ತು? ಕೂತರು, ಪಕ್ಕದಾಕೆಗಿಂತ ಚುರುಕಾಗಿ ಅಕ್ಕಿ ಆಯ್ದರು. ಢೋಲಕ್‌ಗೆ ಪೂಜೆಯಾಯಿತು. ದೇವರ ಹಾಡು ಮುಗಿದು, ಲೋಟ, ತಟ್ಟೆ, ಚಮಚಗಳ ತಾಳಕ್ಕೆ ಹಾಡು ಬಿರುಸಾಗುತ್ತ ಹೋಯಿತು. ಹೆಂಗಸರು ಎದ್ದು ಕುಣಿದರು. ಉಸಿರು ತೆಗೆದುಕೊಳ್ಳಲು ಎಲ್ಲರೂ ಕೂತ ಹೊತ್ತಿನಲ್ಲಿ ದಾದಿ ಅಮ್ಮನ ಕಡೆ ತಿರುಗಿ, ನಿಮ್ಮ ಕಡೆ ಇಲ್ಲವೇ ಎಂಬಂತೆ ಕೈ ಮಾಡಿದರು. ಜನರ ಮುಂದೆ ಬಾಯಿ ಬಿಡದ ನಮ್ಮ ಅಮ್ಮ ಶೋಭಾನೆ ಎತ್ತಿದರು. ಮೊದಲ ನುಡಿಗೆ ಯಾರೂ ಅಲುಗಲಿಲ್ಲ. ಎರಡನೆಯ ನುಡಿಗೆ ದಾದಿಯ ತಂಗಿ ಲೋಟ ತೆಗೆದುಕೊಂಡು ತಾಳ ಹಿಡಿದರು, ಮೂರನೆಯದಕ್ಕೆ ಢೋಲಕ್ ಸೇರಿತು. ಸೊಲ್ಲಿನ ಕೊನೆಯ ‘ಶೋಭಾನೆ’ಯನ್ನು ಇಡೀ ಅಂಗಳ ಹೇಳಿತು. ಆ ರಾತ್ರಿ ಮಹಡಿ ಹತ್ತುವಾಗ ಅಮ್ಮ ಏನೂ ಮಾತಾಡಲಿಲ್ಲ. ಮರುದಿನ ಬೆಳಗ್ಗೆ ನಾನು ಏಳುವ ಮುಂಚೆಯೇ ಕೆಳಗಿಳಿದು ದಾದಿಯ ಹಿತ್ತಲಿನ ಕೆಸುವಿನೆಲೆ ಕೊಯ್ದು ಪತ್ರೊಡೆಗೆ ಅಕ್ಕಿ ನೆನೆಹಾಕಿದ್ದರು.

ಅವರು ಹಿಂದಿರುಗಿದ ಮೇಲೆ, ಆಗಸ್ಟಿನಲ್ಲಿ, ದೊಡ್ಡಪ್ಪ ತೀರಿಕೊಂಡ ಸುದ್ದಿ ಬಂತು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ ದೊಡ್ಡಪ್ಪ. ವಿಮಾನ ಹಿಡಿದು ಹೋದರೂ ಮುಖ ನೋಡಲು ಸಿಗುವಂತಿರಲಿಲ್ಲ. ಹಬ್ಬಕ್ಕಿಂತ ಇಂಥ ಹೊತ್ತಿಗೇ ‘ನಮ್ಮವರು ಯಾರಿದ್ದಾರೆ’ ಎಂಬುದು ಎದೆಗೆ ಇರಿಯುತ್ತದೆ, ನಿಮಗೂ ಅದೇ ಭಯ ಎಂದು ಬಲ್ಲೆ. ಸಂಜೆಗೆ ತೊಂತೊಂ ಕುರ್ಚಿಗಳನ್ನು ಹೊತ್ತು ತಂದು ಅಂಗಳದಲ್ಲಿ ಹಾಕಿದರು. ಸಾವಿನ ಮನೆಯಲ್ಲಿ ರಾತ್ರಿ ಯಾರೂ ಒಬ್ಬರೇ ಇರಬಾರದು ಎಂಬುದು ಇಲ್ಲಿನವರ ಪದ್ಧತಿ. ಹೆಣ ಕಡಲಾಚೆಯಿದ್ದರೂ ಅವರಿಗೆ ಇದು ಸಾವಿನ ಮನೆಯೇ. ಚೀನೀ ಅಜ್ಜ ಬ್ರೆಡ್ಡು ಕಳಿಸಿದರು, ಬಲಮನೆಯವರು ಚಹಾ ಕಾಯಿಸಿದರು. ದೊಡ್ಡಪ್ಪ ಹೇಗಿದ್ದರು ಎಂದು ತಾಂತಿನ್ ಕೇಳಿದರು. ನನ್ನ ಮುರುಕು ಕ್ರಿಯೋಲ್ ಭಾಷೆಯಲ್ಲಿ ಜಾತ್ರೆ, ಕಂಬಳ, ಅವರ ವೀಳ್ಯದ ಚೀಲ ಎಲ್ಲವನ್ನೂ ಹೇಳಿದೆ. ಕೋಳಿ ಕೂಗುವವರೆಗೂ ಅಂಗಳದಲ್ಲಿ ಜನರಿದ್ದರು. ಆ ಸಲ ಚೌತಿಗೆ ಕಡುಬು ಮಾಡುವ ಮನಸ್ಸಿರಲಿಲ್ಲ. ನನ್ನ ಗಂಡನ ಜೊತೆ ಕೆಲಸ ಮಾಡುವ ಮರಾಠಿ ಮನೆಯವರು ತಮ್ಮ ಗಣಪನನ್ನು ಕಡಲಿಗೆ ಬಿಡುವಾಗ ನಮ್ಮನ್ನೂ ಕರೆದೊಯ್ದರು.

ನವೆಂಬರ್ 2ರಂದು ದಾದಿಯ ಜೊತೆ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್‌ಗೆ ಹೋದೆವು. 1834ರಲ್ಲಿ ಅದೇ ದಿನ ಅಟ್ಲಾಸ್ ಎಂಬ ಹಡಗು 36 ಮಂದಿ ಕೂಲಿಗಳನ್ನು ಈ ದ್ವೀಪಕ್ಕೆ ತಂದಿತ್ತು. ಆಮೇಲೆ ಬಂದವರು ಲಕ್ಷಗಟ್ಟಲೆ. ಹಡಗಿನಿಂದ ಇಳಿದವರು ಹತ್ತಿದ 16 ಕಲ್ಲಿನ ಮೆಟ್ಟಿಲುಗಳು ಇನ್ನೂ ಇವೆ. ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ ಕೊಟ್ಟು ಬರೆದುಕೊಂಡಿದ್ದರು. ಆ ದಫ್ತರಗಳು ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ, ದಾದಿ ತಮ್ಮ ಮುತ್ತಜ್ಜನ ಸಂಖ್ಯೆಯನ್ನು ಅಲ್ಲಿಂದಲೇ ಹುಡುಕಿಸಿ ತಂದಿದ್ದಾರೆ. ಊರು, ಜಾತಿ, ನಂಟು ಎಲ್ಲವನ್ನೂ ಹಿಂದೆ ಬಿಟ್ಟು ಬಂದ ಆ ಜನ ಒಂದೇ ಹಡಗಿನಲ್ಲಿ ಬಂದವರನ್ನು ಜಹಾಜಿ ಭಾಯಿ ಎಂದು ಕರೆದರು, ಒಡಹುಟ್ಟಿದವರಂತೆ ನಡೆದುಕೊಂಡರು. ಅವರ ಕಷ್ಟದ ಮುಂದೆ ನಮ್ಮದು ಯಾವ ಲೆಕ್ಕವೂ ಅಲ್ಲ. ನಾವು ಬೇಕೆಂದು ಬಂದವರು, ಬೇಡವೆಂದರೆ ವಿಮಾನ ಹತ್ತಬಲ್ಲವರು. ಆದರೂ ಅವರು ಹಾಕಿಟ್ಟ ಚಾಪೆಯಲ್ಲಿ ನಮಗೂ ಜಾಗ ಸಿಕ್ಕಿದೆ.

ಹಿರಿಯರೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮಕ್ಕಳಿಗೆ ಫೋನು ಮಾಡಿದಾಗ ಅಲ್ಲಿ ನಮ್ಮವರು ಯಾರಿದ್ದಾರೆ ಎಂದು ಕೇಳುವ ಬದಲು ಪಕ್ಕದ ಮನೆಯಲ್ಲಿ ಯಾರಿದ್ದಾರೆ, ಅವರ ಹಬ್ಬ ಯಾವುದು, ನೀನು ಅವರಿಗೇನು ಮಾಡಿಕೊಟ್ಟೆ ಎಂದು ಕೇಳಿ. ಉತ್ತರ ಸಿಗದಿದ್ದರೆ ಒತ್ತಾಯ ಮಾಡಿ. ನಿಮ್ಮ ಮಾತಿನಿಂದಲಾದರೂ ಅವರು ಬಾಗಿಲು ತಟ್ಟಲಿ. ಬರುವುದಾದರೆ ಊರು ನೋಡಿ ಹೋಗಲು ಬರಬೇಡಿ. ಒಂದೆರಡು ತಿಂಗಳು ಇದ್ದು, ಅವರ ಅಡುಗೆಮನೆಯಲ್ಲಿ ನಿಮ್ಮ ಕೈಯಡುಗೆ ಮಾಡಿ, ಅಕ್ಕಪಕ್ಕದವರಿಗೆ ಬಡಿಸಿ.

ಮತ್ತೊಂದು, ನಿಮಗೆ ಬರುವ ಶೋಭಾನೆ, ಸೋಬಾನೆ, ಬೀಸುವ ಪದ, ತೊಟ್ಟಿಲ ಹಾಡು ಯಾವುದನ್ನೂ ಬಿಡದೆ ಫೋನಿನಲ್ಲಿ ಹಾಡಿ ಮಕ್ಕಳಿಗೆ ಕಳಿಸಿ. ಹಪ್ಪಳ ಇಲ್ಲೂ ಸಿಗುತ್ತದೆ, ಅದು ಸಿಗುವುದಿಲ್ಲ. ಮುಂದಿನ ಮದುವೆ ದಾದಿಯ ಮೊಮ್ಮಗಳದು, ಹಾಸನದ ಕಡೆಯ ಸೋಬಾನೆ ಬೇಕೇ ಬೇಕು ಎಂದು ಈಗಲೇ ಹೇಳಿಟ್ಟಿದ್ದಾರೆ. ಅತ್ತೆ, ಐದನೆಯ ಜಾಗ ಈ ಸಲ ನಿಮಗೆ. ಮಾವನವರನ್ನೂ ಹೊರಡಿಸಿ, ಇಬ್ಬರ ಪಾಸ್‌ಪೋರ್ಟ್ ಅವಧಿ ಒಮ್ಮೆ ನೋಡಿಕೊಳ್ಳಿ. ಅಮ್ಮ, ಮೂರನೆಯ ನುಡಿಯ ಮುಂದಿನದನ್ನು ಬರೆದು ಕಳಿಸು, ದಾದಿಯ ತಂಗಿ ದಿನಾ ಕೇಳುತ್ತಿದ್ದಾರೆ.

ನಿಮ್ಮ ಮಗಳೂ ಸೊಸೆಯೂ ಆದ
ನಾನು,
ವಾಕ್ವಾ, ಮಾರಿಷಸ್